ಗಜದ ನಾಲ್ಕು ಬೆರಳು

ಸ್ಟೋನಿ ರನ್ ಕಣಿವೆಯ ಹಳೇ ಕೋವಿ ಕ್ಲಬ್ಬಿನ ಮುಂದೆ ಒಂದು ಮಹತ್ತರ ಪ್ರಶ್ನೆ ಎರಡು ಚಳಿಗಾಲ ಇತ್ಯರ್ಥವಾಗದೆ ಉಳಿದಿತ್ತು: ಗಜದ ಮೇಲೆ ಗೀಟು ಒಂದು ಹಾಕಬೇಕೋ, ಎರಡೋ. ಇದನ್ನು ಚಿಲ್ಲರೆ ವಿಷಯವೆಂದು ಯಾರೂ ತಿಳಿಯಬಾರದು. ಗಜವೆಂದರೆ ಕೋವಿಯ ಬಾಯಿಯಿಂದ ಮದ್ದು, ಗುಂಡು ಜಡಿಯುವ ಉದ್ದನೆಯ ಕೋಲು. ನಳಿಗೆಯೊಳಗೆ ಇಳಿಬಿಟ್ಟಾಗ ಅದು ಗೀಟಿನವರೆಗೆ ಮುಳುಗಿದರೆ ಕೋವಿ ಖಾಲಿ. ನಾಲ್ಕು ಬೆರಳು ಮೇಲೆಯೇ ನಿಂತರೆ ಒಳಗೆ ಮದ್ದಿದೆ. ಮುತ್ತಜ್ಜನ ಕಾಲದಲ್ಲಿ ಜಡಿದದ್ದಾದರೂ ಅದು ಇವತ್ತು ಕೊಲ್ಲಬಲ್ಲದು. ಈ ಗೀಟಿನ ಸಲುವಾಗಿ ಇಬ್ಬರು ಸದಸ್ಯರು ಮಾತು ಬಿಟ್ಟರು, ಒಬ್ಬ ಚರ್ಚನ್ನೇ ಬದಲಾಯಿಸಿದ. ಕೊನೆಗೆ ಒಂದೇ ಗೀಟು, ಅದೂ ಕೆಂಪು ಬಣ್ಣದ್ದು ಎಂದು ತೀರ್ಮಾನ ಮಾಡಿಸಿ, ಬಾಗಿಲಿಗೆ ಫಲಕ ಬರೆದು ಹಾಕಿದವನು ಡೆಸ್ಮಂಡ್ ಟೋಬಿನ್. ‘ಯಾರದೇ ಕೋವಿಯಾಗಲಿ, ಒಳಗೆ ಬರುವ ಮೊದಲು ಗಜ. ತುಂಬಿದ್ದರೆ ಇಲ್ಲೇ ಖಾಲಿ. ಯಾವ ಸಬೂಬೂ ನಡೆಯದು.’

ಡೆಸ್ಮಂಡ್ ಪಿಟ್ಸ್‌ಬರ್ಗಿನಿಂದ ಬಂದವನು, ಸರ್ಕಾರಿ ಲಿಫ್ಟ್ ಪರೀಕ್ಷಕ. ಲೊರೇನಳನ್ನು ಮದುವೆಯಾಗಿ ಕಣಿವೆಗೆ ಬಂದು ಹನ್ನೊಂದು ವರ್ಷವಾಗಿದ್ದರೂ ಊರಿನ ಲೆಕ್ಕದಲ್ಲಿ ಇನ್ನೂ ಹೊಸಬ. ನೇತಾಡುವ ವಸ್ತುವನ್ನು ಕಂಡರೆ ಹಗ್ಗ ಎಳೆದು ನೋಡುವವನು. ನಂಬಿಕೆ ಎಂಬುದನ್ನು ಹೆಂಡತಿಯ ಮನೆಯವರಿಗೆ ಬಿಟ್ಟುಕೊಟ್ಟಿದ್ದ. ಅವನ ಒಂದೇ ಚಾಳಿ ಫೋನು. ಊಟದ ಮಧ್ಯೆ, ಪ್ರಾರ್ಥನೆಯ ಮಧ್ಯೆ, ಕೆಂಪು ದೀಪದ ಮುಂದೆ ನಿಂತ ಕಾರಿನಲ್ಲಿ, ಹಳೇ ಕೋವಿಗಳ ಜಾಹೀರಾತುಗಳನ್ನು ಹೆಬ್ಬೆರಳಿನಿಂದ ಮೇಲೆ ತಳ್ಳುತ್ತಲೇ ಇರುತ್ತಿದ್ದ. ಕ್ರಿಸ್‌ಮಸ್ ಮರುದಿನ, ಗುರುವಾರ ಬೆಳಗ್ಗೆ, ಒಂದು ಹೊಸದು ಬಂತು: ‘ಚಕಮಕಿ ಕೋವಿ, ಬಹಳ ಹಳೆಯದು. ಅಗ್ಗ. ಇವತ್ತೇ ಬಂದು ಒಯ್ಯಬೇಕು. ಒಳಗೆ ಮದ್ದಿದೆ. ಖಾಲಿ ಮಾಡಬೇಡಿ. ಮಾಲನ್ ಬೋಯರ್.’

“ಬೋಯರ್ ಮನೆ ಕೋವಿನಾ?” ಲೊರೇನ್ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. “ಬೇಡ. ಆ ಮನೆಯಲ್ಲಿ ಹೆಕ್ಸ್ ಇದೆ, ಮಾಟ ಇದೆ ಅಂತ ನಮ್ಮಜ್ಜಿ ಆ ರಸ್ತೇಲೇ ಹೋಗ್ತಿರಲಿಲ್ಲ.”

“ನಿಮ್ಮಜ್ಜಿ ಲಿಫ್ಟಿಗೂ ಹತ್ತುತ್ತಿರಲಿಲ್ಲ.”

“ಅಜ್ಜಿ ತೊಂಬತ್ತಾರು ವರ್ಷ ಬದುಕಿದಳು” ಎಂದಳು ಲೊರೇನ್. ಆದರೆ ಅವನು ಆಗಲೇ ಕೋಟು ಹಾಕಿಕೊಂಡಿದ್ದ.

ಮಾಲನ್ ಬೋಯರ್‌ಗೆ ಎಪ್ಪತ್ತು ದಾಟಿತ್ತು. ಅಡುಗೆಮನೆಯಲ್ಲಿ ಕಾಕಂಬಿ ಪೈ, ಸೀಮೆಎಣ್ಣೆ, ತೊಳೆಯದ ಹೊದಿಕೆಗಳ ವಾಸನೆ ಒಂದರ ಮೇಲೊಂದು ಕೂತಿತ್ತು. ಮುದುಕನ ಕಣ್ಣು ಕೆಂಪಗಿತ್ತು, ನಿದ್ದೆ ಕಂಡಂತಿರಲಿಲ್ಲ. ಕೋವಿ ಮೇಜಿನ ಮೇಲೆ ಮಲಗಿತ್ತು, ಬಾಯಿ ಮಾಲನ್ ಕಡೆಗೆ. ಮುದುಕ ತನ್ನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಕೂತ.

“ಮಾಟ ಇದೆ ಇದಕ್ಕೆ” ಎಂದ ಮಾಲನ್, ಅರ್ಧ ನಗುತ್ತ, ಹಾಲಿನವನಿಗೆ ಲೆಕ್ಕ ಹೇಳುವ ಧಾಟಿಯಲ್ಲಿ. “ಖಾಲಿ ಮಾಡ್ದೋನ ಹೆಸರು ಒಳಗೆ ಹೋಗುತ್ತೆ. ಹೇಳಿದ್ದೀನಿ ತಮ್ಮಾ. ಆಮೇಲೆ ಮುದುಕ ಹೇಳ್ಲಿಲ್ಲ ಅನ್ಬೇಡ.”

“ಸ್ಪೆಲ್ಲಿಂಗ್ ಸರಿಯಾಗಿ ಬರೆಯುತ್ತಾ ಯಜಮಾನ್ರೆ? ಟೋಬಿನ್ ಅಂದ್ರೆ ಬ್ಯಾಂಕಿನವರೂ ತಪ್ಪು ಬರೀತಾರೆ.”

ಮಾಲನ್ ಈಗ ಪೂರ್ತಿ ನಕ್ಕ. ಆ ನಗುವಿನಲ್ಲಿ ಎಷ್ಟೊಂದು ನಿರಾಳವಿತ್ತೆಂದರೆ, ಡೆಸ್ಮಂಡ್ ತನ್ನ ಹಾಸ್ಯದ ಬಗ್ಗೆ ಹೆಮ್ಮೆಪಟ್ಟ.

ಅಂದು ಮಧ್ಯಾಹ್ನ ಮನೆಯ ನೆಲಮಾಳಿಗೆಯಲ್ಲಿ ಅವನು ಮಾಡಬೇಕಾದ್ದನ್ನೆಲ್ಲ ಮಾಡಿದ. ನಳಿಗೆಯನ್ನು ಬೆಂಚಿನ ಮೇಲಿನ ಕಬ್ಬಿಣದ ಇಕ್ಕಳದಂಥ ವೈಸಿಗೆ, ಬಾಯಿ ಕಲ್ಲುಗೋಡೆಯ ಕಡೆಗೆ ಮಾಡಿ, ಬಿಗಿದ. ಚಕಮಕಿ ಕಲ್ಲನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಗಜವನ್ನು ನಳಿಗೆಯ ಹೊರಮೈಗೆ ಹಿಡಿದು ಅಳತೆಯ ಕೆಂಪು ಗೀಟು ಎಳೆದ, ಬಾಯಿಯ ಪಕ್ಕದಲ್ಲಿ ನಿಂತು ಒಳಗೆ ಇಳಿಬಿಟ್ಟ. ಗೀಟು ನಾಲ್ಕು ಬೆರಳು ಮೇಲೆಯೇ ನಿಂತಿತು. ಜಾಹೀರಾತು ಸುಳ್ಳು ಹೇಳಿರಲಿಲ್ಲ. ಒಳಗೆ ನೀರು ಸುರಿದು ಮದ್ದು ಕೆಸರಾಗುವವರೆಗೆ ಕಾದ. ಗಜದ ತುದಿಗೆ ತಿರುಪು ಹಾಕಿ ಸೀಸದ ಗುಂಡಿಗೆ ಕಚ್ಚಿಸಿ ಎಳೆದ. ಗುಂಡು ಹಲ್ಲು ಕಿತ್ತ ಹಾಗೆ ಬಂತು.

ಗುಂಡಿನ ಸುತ್ತ ಬಟ್ಟೆ ಇರಬೇಕಿತ್ತು. ಕಾಗದವಿತ್ತು. ಅದರ ಮೇಲೆ ಹಸಿ ಶಾಯಿಯಲ್ಲಿ ಮಾಲನ್ ಬೋಯರ್ ಎಂದು ಬರೆದಿತ್ತು. ಜೊತೆಗೆ ಕೊಳೆತ ಮೊಟ್ಟೆಯ ವಾಸನೆ, ಈಗ ತಾನೇ ಯಾರೋ ಗುಂಡು ಹಾರಿಸಿದ ಹಾಗೆ.

“ಮುದುಕನಿಗೆ ಹೊತ್ತು ಹೋಗಲ್ಲ ಪಾಪ” ಎಂದುಕೊಂಡು ಮತ್ತೆ ಗಜ ಇಳಿಸಿದ. ಗೀಟಿನವರೆಗೆ ಮುಳುಗಿತು. ಖಾಲಿ. ಎಣ್ಣೆ ಸವರಿ ದೀಪ ಆರಿಸಿದ.

ಶುಕ್ರವಾರ ಬೆಳಗ್ಗೆ ಕೋವಿಯ ಬಾಯಿ ಮೆಟ್ಟಿಲಿನ ಕಡೆಗಿತ್ತು.

ವೈಸು ಸಡಿಲವಾಗಿರಬೇಕು ಎಂದುಕೊಂಡ. ತಿರುಗಿಸಿ ನೋಡಿದ. ಸಡಿಲವಾಗಿರಲಿಲ್ಲ. ರೂಢಿಯಂತೆ ಕೈ ಗಜದತ್ತ ಹೋಯಿತು. ನಾಲ್ಕು ಬೆರಳು. ತಿರುಪು ಹಾಕಿ ಎಳೆದ. ಗುಂಡು, ಕಾಗದ, ಆ ವಾಸನೆ. ಕಾಗದದ ಮೇಲೆ ಅವನ ಹೆಸರಿತ್ತು, ಅವನದೇ ಕೈಬರಹದಲ್ಲಿ. ಸ್ಪೆಲ್ಲಿಂಗ್ ಸರಿಯಾಗಿತ್ತು.

ಆಮೇಲೆ ಅವನು ಪರೀಕ್ಷಕರು ಮಾಡುವ ಕೊನೆಯ ಕೆಲಸ ಮಾಡಿದ. ನಳಿಗೆಯ ಹಿಂಬದಿಯ ಬಿರಡೆಯನ್ನು ಬಿಚ್ಚಿ, ಆ ತುದಿಯಿಂದ ಕಣ್ಣಿಟ್ಟು ನೋಡಿದ. ಇನ್ನೊಂದು ತುದಿಯಲ್ಲಿ ಬಲ್ಬು ಬೆಳ್ಳಗೆ, ದುಂಡಗೆ ಕಾಣುತ್ತಿತ್ತು. ನಡುವೆ ಒಂದು ಧೂಳಿನ ಕಣವೂ ಇಲ್ಲ. ಬಿರಡೆ ಬಿಗಿದ. ಗಜ ಇಳಿಸಿದ. ನಾಲ್ಕು ಬೆರಳು ಮೇಲೆಯೇ ನಿಂತಿತು.

ಮಾಲನ್‌ಗೆ ಫೋನು ಮಾಡಿದ.

“ಖಾಲಿ ಮಾಡಿದ್ಯಾ?” ಮುದುಕ ಏನನ್ನೋ ಅಗಿಯುತ್ತಿದ್ದ.

“ಮಾಡದೆ ಬಿಡ್ತಾರಾ? ಕೋವಿ ಬಂದ್ರೆ ಮೊದಲ ಕೆಲಸ ಅದೇ ಅಲ್ವಾ?”

“ಹೂಂ. ನಾನೂ ಶಿಸ್ತಿನೋನೇ, ತಮ್ಮಾ. ಮಂಗಳವಾರ ಮಾರೋಣ ಅಂತ ಅಟ್ಟದಿಂದ ಇಳಿಸಿದೆ, ಗಜ ಹಾಕಿದೆ. ಅಪ್ಪನ ಹೆಸರು ಬಂತು. ಮುಟ್ಟಬೇಡ ಅಂತ ಅಪ್ಪ ಹೇಳಿದ್ದ.”

“ನಿಮ್ಮಪ್ಪನಿಗೆ ಏನಾಯ್ತು?”

ಅಗಿಯುವ ಸದ್ದು ನಿಂತಿತು. “ಖಾಲಿ ಮಾಡಿದ ದಿನದಿಂದ ಮೂರನೇ ಸಂಜೆ, ಹೊತ್ತು ಮುಳುಗೋವಾಗ ಊಟಕ್ಕೆ ಕೂತಿದ್ದ. ಕೋವಿ ಅಟ್ಟದಲ್ಲಿತ್ತು. ಚಕಮಕಿ ಕಲ್ಲೂ ಇರ್ಲಿಲ್ಲ ಅದಕ್ಕೆ. ಛಾವಣಿಯಲ್ಲಿ ತೂತಿದೆಯಲ್ಲ, ನಿನ್ನೆ ನೀನು ಮೇಲೆ ನೋಡಿದ್ರೆ ಕಾಣಿಸ್ತಿತ್ತು. ಅದಕ್ಕೂ ಮುಂಚೆ ಹೊಳೆಗೆ ಎಸೆದಿದ್ದ. ಬೆಳಗ್ಗೆ ಅಟ್ಟದಲ್ಲಿತ್ತು, ತೊಟ್ಟಿಕ್ಕುತ್ತಾ.”

“ದಾರಿ ಏನು?”

“ದಾರಿ ನಿನ್ನೆ ನಾನು ಮಾಡಿದ್ದೇ. ಇನ್ನೊಬ್ಬ ಖಾಲಿ ಮಾಡ್ಬೇಕು. ಆದ್ರೆ ಮೊದ್ಲೇ ಹೇಳಿರ್ಬೇಕು. ಹೇಳದೆ ಕೊಟ್ರೆ ಕೊಟ್ಟೋನಿಗೇ ತಿರುಗುತ್ತೆ.” ಮತ್ತೆ ಅಗಿಯುತ್ತ ಸೇರಿಸಿದ: “ಹೇಳಬೇಕು ಅಂತ ಇದೆ. ನಂಬೋ ಹಾಗೆ ಹೇಳಬೇಕು ಅಂತ ಇಲ್ಲ.”

ಅಂದು ಇಳಿಹೊತ್ತಿನಲ್ಲಿ ಡೆಸ್ಮಂಡ್ ಒಂದೆಡೆ ಕೂರಲಿಲ್ಲ. ಕಿಟಕಿಯಿಂದ ಒಲೆಗೆ ನಡೆದ. ಕೆಳಗೆ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದಾಯಿತು, ಸಣ್ಣಗೆ. ಒಲೆಯಿಂದ ಬಾಗಿಲಿಗೆ ನಡೆದ. ಮತ್ತೆ ಸದ್ದು. ನಿಂತ. ಸದ್ದೂ ನಿಂತಿತು.

“ಕೆಳಗೆ ಇಲಿ ಬಂದಿದೆ” ಎಂದಳು ಲೊರೇನ್, ಅವನ ಮುಖ ನೋಡದೆ.

ಶನಿವಾರ ಕ್ಲಬ್ಬಿನ ವರ್ಷದ ಕೊನೆಯ ಕೂಟ. ಮೂರನೇ ಸಂಜೆಯೂ ಅದೇ. ಸೂರ್ಯ ಮುಳುಗುವುದು ನಾಲ್ಕು ನಲವತ್ತೆರಡಕ್ಕೆ. ಅದನ್ನು ಅವನು ಫೋನಿನಲ್ಲಿ ಹತ್ತು ಸಲ ನೋಡಿದ್ದ. ಕೋವಿಯನ್ನು ಕಂಬಳಿಯಲ್ಲಿ ಸುತ್ತಿ, ಬಾಯಿ ಹಿಂದಕ್ಕೆ ಮಾಡಿ, ಟ್ರಕ್ಕಿನ ಹಿಂಬದಿಗೆ ಹಾಕಿದ. ಕ್ಲಬ್ಬಿನ ಅಂಗಳದಲ್ಲಿ ಇಳಿದು ನೋಡಿದಾಗ ಕಂಬಳಿ ಹಾಗೇ ಇತ್ತು. ಬಾಯಿ ಮಾತ್ರ ಚಾಲಕನ ಸೀಟಿನ ಹಿಂದಿನ ತಗಡಿಗೆ ಒತ್ತಿಕೊಂಡಿತ್ತು.

ಬಾಗಿಲಲ್ಲಿ ಗಜ ಹಿಡಿದು ನಿಂತಿದ್ದವನು ಲಮಾರ್ ಕೆಮರರ್, ಲೊರೇನಳ ಅಣ್ಣ, ಆ ವರ್ಷದ ಮೇಲ್ವಿಚಾರಕ. ದಪ್ಪ ಆಳು, ದಪ್ಪ ಧ್ವನಿ. ಒಳಗಿನಿಂದ ಹಂದಿಮಾಂಸ, ಹುಳಿಕೋಸು, ಒದ್ದೆ ಉಣ್ಣೆಯ ವಾಸನೆ ಬರುತ್ತಿತ್ತು. ಬೆಳಕು ಆಗಲೇ ಹಳದಿಯಾಗಿತ್ತು.

“ಬಂದ್ರಪ್ಪಾ ಗೀಟಿನ ಸಾಹೇಬ್ರು” ಎಂದ ಲಮಾರ್. “ಕೊಡು ಭಾವ, ನಿನ್ನ ಕೋವಿಗೂ ನಿನ್ನದೇ ಕಾನೂನು.”

ಡೆಸ್ಮಂಡ್ ಹೇಳಿದ. ಹೇಳಬೇಕಾದ್ದನ್ನೆಲ್ಲ ಹೇಳಿದ. “ಗಜ ಹಾಕ್ಬೇಡ ಲಮಾರ್. ತುಂಬಿದೆ. ಬೋಯರ್ ಮನೇದು. ಖಾಲಿ ಮಾಡ್ದೋನ ಹೆಸರು ಒಳಗೆ ಹೋಗುತ್ತಂತೆ.” ಅಷ್ಟನ್ನೂ ಅರ್ಧ ನಗುತ್ತ ಹೇಳಿದ. ತನ್ನ ಮುಖದ ಮೇಲೆ ಮಾಲನ್‌ನ ನಗು ಕೂತಿರುವುದು ಅವನಿಗೇ ಗೊತ್ತಾಯಿತು.

ಬಾಗಿಲ ಒಳಗಿದ್ದವರೆಲ್ಲ ನಕ್ಕರು. “ಸಬೂಬು ನಡೆಯದು ಅಂತ ಬರೆದೋನು ಯಾರೋ?” ಎಂದು ಒಬ್ಬ ಕೂಗಿದ.

“ಹನ್ನೊಂದು ವರ್ಷಕ್ಕೆ ನಮ್ಮೂರಿನೋನಾದೆ, ಬಿಡು” ಎಂದ ಲಮಾರ್.

ಗಜ ಇಳಿಯಿತು. ನಾಲ್ಕು ಬೆರಳು. ನಗು ತಗ್ಗಿತು. ಲಮಾರ್ ಒಮ್ಮೆ ತಂಗಿಯ ಗಂಡನ ಮುಖ ನೋಡಿದ. ತುದಿಗೆ ತಿರುಪು ಹಾಕಿದ. ಡೆಸ್ಮಂಡ್‌ನ ಕೈ ಅವನ ಮಣಿಕಟ್ಟಿನಿಂದ ಒಂದು ಗೇಣು ದೂರದಲ್ಲಿತ್ತು. ಹಿಡಿಯಬಹುದಿತ್ತು. ನಿಲ್ಲು ಎನ್ನಬಹುದಿತ್ತು, ನಗದೆ. ಗುಡ್ಡದ ಅಂಚಿಗೆ ಸೂರ್ಯ ಮುಟ್ಟಿತ್ತು. ಗಡಿಯಾರ ನಾಲ್ಕು ಮೂವತ್ತೆಂಟು. ತಿರುಪು ಕಚ್ಚಿತು. ಕೋವಿಯ ಬಾಯಿ ಕದಲಿತು, ಡೆಸ್ಮಂಡ್‌ನ ಎದೆಯತ್ತ. ಲಮಾರ್ ಎಳೆದ. ಒಳಗಿನಿಂದ ನಿಟ್ಟುಸಿರಿನಂಥ ಸದ್ದು. ಇನ್ನೊಮ್ಮೆ ಎಳೆದ. ಕೊಳೆತ ಮೊಟ್ಟೆಯ ವಾಸನೆ ಬಾಗಿಲ ತುಂಬ ಹರಡಿತು. ಗುಂಡು ಬಂತು.

“ಡೆಸ್ಮಂಡ್ ಟೋಬಿನ್” ಎಂದು ಲಮಾರ್ ಕಾಗದವನ್ನು ಜೋರಾಗಿ ಓದಿದ. “ಗುಂಡಿಗೂ ರುಜು ಹಾಕಿದ್ದಾನೆ ನೋಡ್ರೋ ಸಾಹೇಬ.”

ಕೋವಿಯ ಬಾಯಿ ನಿಧಾನವಾಗಿ ಡೆಸ್ಮಂಡ್‌ನನ್ನು ಬಿಟ್ಟು ಲಮಾರ್ ಕಡೆ ಹೊರಳಿತು. ಅದನ್ನು ನೋಡಿದವನು ಡೆಸ್ಮಂಡ್ ಒಬ್ಬನೇ. ನಾಲ್ಕು ನಲವತ್ತೆರಡಕ್ಕೆ ಅವನು ಒಳಗೆ ಕೂತು ಹುಳಿಕೋಸು ಎರಡು ಸಲ ಬಡಿಸಿಕೊಂಡ. ಬಹಳ ರುಚಿಯಾಗಿತ್ತು.

ಭಾನುವಾರ ಚರ್ಚಿನಿಂದ ಬಂದ ಲೊರೇನ್ ಕೈಗವಸು ಬಿಚ್ಚದೆ ಕೇಳಿದಳು: “ಎರಡು ದಿನ ಕೂರದೋನು ಇವತ್ತು ಕೂತಿದ್ದೀಯ. ಯಾರಿಗೆ ದಾಟಿಸಿದೆ?”

ಅವನು ಹೇಳಿದ. ಅವಳು ಮತ್ತೆ ಬಾಗಿಲು ತೆರೆದಳು.

“ನಾನು ಅವನಿಗೆ ಹೇಳಿದ್ದೆ, ಲೊರೇನ್. ಎಲ್ಲರೆದುರಿಗೆ ಹೇಳಿದ್ದೆ.”

“ಹೇಗೆ ಹೇಳಿದೆ?”

ಅವಳು ಅಣ್ಣನ ಮನೆಗೆ ನಡೆದಳು, ಇವನು ಹಿಂದೆ ಹಿಂದೆ ಹೋದ.

ಲಮಾರ್ ಅಡುಗೆಮನೆಯಲ್ಲಿ ಕೂತಿದ್ದ. ಡೆಸ್ಮಂಡ್ ಕ್ಲಬ್ಬಿನಲ್ಲೇ ಬಿಟ್ಟುಬಂದಿದ್ದ ಕೋವಿ ಮೇಜಿನ ಮೇಲಿತ್ತು. ಪಕ್ಕದಲ್ಲಿ ಎರಡು ಗುಂಡು, ಎರಡು ಕಾಗದ, ಎರಡರಲ್ಲೂ ಅವನದೇ ಹೆಸರು. ದಪ್ಪ ಧ್ವನಿ ಎಲ್ಲೋ ಹೋಗಿತ್ತು.

ಡೆಸ್ಮಂಡ್ ಈ ಸಲ ನಗದೆ ಎಲ್ಲವನ್ನೂ ಹೇಳಿದ. ಕೊನೆಗೆ ಆತುರವಾಗಿ ಸೇರಿಸಿದ: “ನಾಳೆ ಸಂಜೆವರೆಗೆ ಸಮಯ ಇದೆ. ಆನ್‌ಲೈನಲ್ಲಿ ಹಾಕೋಣ. ಜಾಹೀರಾತು ನಾನೇ ಬರೀತೀನಿ. ಅರ್ಧ ಗಂಟೇಲಿ ಯಾರಾದ್ರೂ ಬರ್ತಾರೆ.”

“ಬರ್ತಾರೆ” ಎಂದ ಲಮಾರ್. “ಗಜ ಹಾಕಿ ನೋಡೋರೇ ಬರ್ತಾರೆ. ಶಿಸ್ತಿನೋರು. ಹಾಕದೆ ಇರೋ ಪೋಲಿಗಳಿಗೆ ಏನೂ ಆಗಲ್ಲ, ಅಲ್ವಾ ಭಾವ?”

“ಲಮಾರ್, ಹುಡುಗಾಟ ಬೇಡ” ಎಂದಳು ತಂಗಿ.

“ಆಡ್ತಿಲ್ಲ ಕಣೇ. ಯಾರಿಗೆ ಕೊಡ್ಲಿ ಹೇಳು. ಹೆಸರು ಹೇಳು, ಕೊಡ್ತೀನಿ.”

ಅಡುಗೆಮನೆಯಲ್ಲಿ ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಮೇಜಿನ ಮೇಲೆ ಕಬ್ಬಿಣ ಕಟ್ಟಿಗೆಗೆ ಉಜ್ಜಿತು. ಡೆಸ್ಮಂಡ್ ಒಬ್ಬನೇ ಬಾಗಿಲಿನತ್ತ ಸರಿದ. ಸರಿಯುವ ಅಗತ್ಯ ಅವನಿಗಿರಲಿಲ್ಲ.

ಸೋಮವಾರ ಬೆಳಗ್ಗೆ ಲಮಾರ್ ಕೋವಿಯನ್ನು ಕ್ಲಬ್ಬಿನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ. ಹೊಳೆಯ ಮಂಜುಗಡ್ಡೆಯಲ್ಲಿ ಮೀನು ಹಿಡಿಯಲು ಕೊರೆದಿದ್ದ ತೂತಿಗೆ ಬೀಗದಕೈ ಹಾಕಿದ. ಬಾಗಿಲ ಮೇಲಿನ ಫಲಕವನ್ನು ಕಿತ್ತು ಒಲೆಗೆ ತುರುಕಿದ. ಮನೆಗೆ ಹೋಗಿ, ಕ್ಷೌರ ಮಾಡಿಕೊಂಡು, ತಂಗಿಯ ಎದುರು ಕುರ್ಚಿಯಲ್ಲಿ ಕೂತ.

ಸೂರ್ಯ ಮುಳುಗುತ್ತಿದ್ದಂತೆ, ನಾಲ್ಕು ನಲವತ್ತಮೂರಕ್ಕೆ ಅವನು ಸತ್ತ. ಬೀರುವಿನ ಬಾಗಿಲಲ್ಲಿ ಹೆಬ್ಬೆರಳಿನಷ್ಟು ತೂತಿದೆ, ಬೀಗ ಹಾಕಿದ ಹಾಗೇ ಇದೆ. ಲೊರೇನ್ ಈಗ ಅಣ್ಣನ ಮನೆಯಲ್ಲಿದ್ದಾಳೆ. ಡೆಸ್ಮಂಡ್ ಆರೋಗ್ಯವಾಗಿದ್ದಾನೆ.