ಸೇವ್ ಮಾಡದ ಸಾಲು

ಕಂಪನಿಯಿಂದ ಇಂಜಿನಿಯರ್ ಬರುತ್ತಾರೆ ಎಂದಷ್ಟೇ ಹೇಳಿದ್ದರು. ಗೂಬೆ ಬರುತ್ತಾನೆ ಎಂದು ಯಾರೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವನು ಸರ್ವರ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಅದೇ ದುಂಡು ಕನ್ನಡಕ, ಒಂದೇ ಹೆಗಲಿಗೆ ಜೋತುಬಿದ್ದ ಅದೇ ಥರದ ಬ್ಯಾಗು. ಕೂದಲು ಮಾತ್ರ ಹಣೆಯಿಂದ ಕೊಂಚ ಹಿಂದೆ ಸರಿದಿತ್ತು. ಕಾಲೇಜಿನ ನೆಟ್ಟು ನೋಡಿಕೊಳ್ಳುವ ಅವಳ ಕೈಯಲ್ಲಿದ್ದ ನೀಲಿ ಕೇಬಲ್ಲು ಜಾರಿ ಕಾಲ ಮೇಲೆ ಬಿತ್ತು.

"ನಮಸ್ತೆ ಮೇಡಂ," ಎಂದ.

ಮೇಡಂ ಅಂತೆ. ಏಳು ವರ್ಷದ ಹಿಂದೆ ಇದೇ ರೂಮಿನಲ್ಲಿ ಇವಳಿಂದ ಗೂಬೆ ಎನಿಸಿಕೊಂಡು, ಇವಳನ್ನು ಜೀರುಂಡೆ ಎಂದು ಕರೆಯುತ್ತಿದ್ದವನು. ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತೆ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದವನು.

"ಬನ್ನಿ ಸಾರ್," ಎಂದಳು ಅವಳೂ, ಸಾರ್ ಎಂಬಲ್ಲಿ ಒಂದು ಚಿಟಿಕೆ ಖಾರ ಉದುರಿಸಿ.

ವಿಷಯ ಇಷ್ಟೇ. ಕಾಲೇಜಿನ ದೊಡ್ಡ ಕಟ್ಟಡಕ್ಕೂ ಲೈಬ್ರರಿಗೂ ನಡುವೆ ಎರಡು ಕೇಬಲ್ಲುಗಳಿವೆ, ಒಂದು ಹಳೆಯದು, ಒಂದು ಹೊಸದು. ಯಾವ ಡೇಟಾ ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವುದು ಮೂಲೆಯ ರ್‍ಯಾಕಿನಲ್ಲಿ ಗುರ್ ಎನ್ನುತ್ತಿರುವ ಕಂಪ್ಯೂಟರು ಮತ್ತು ಅದರೊಳಗಿನ ರೂಟಿಂಗ್ ಸಾಫ್ಟ್‌ವೇರು. ಅದನ್ನು ಅಲ್ಲಿ ಕೂರಿಸಿದ್ದೇ ಇವರಿಬ್ಬರು, ಫೈನಲ್ ಇಯರ್ ಪ್ರಾಜೆಕ್ಟಿಗೆಂದು. ಎರಡು ದಾರಿಯೂ ಸಮ, ಆದ್ದರಿಂದ ಎರಡರಲ್ಲೂ ಹಂಚಿ ಕಳಿಸಬೇಕು. ಅದು ಕಳಿಸುತ್ತಿರಲಿಲ್ಲ. ಲೈಬ್ರರಿಗೆ ಹೊಸ ಕಂಪ್ಯೂಟರುಗಳು ಬಂದ ಮೇಲೆ, ಎರಡು ತಿಂಗಳಿಂದ ಹಳೆ ಕೇಬಲ್ಲು ಉಸಿರುಗಟ್ಟಿ ಏದುತ್ತಿತ್ತು, ಹೊಸದು ಕೆಲಸವಿಲ್ಲದ ಅಳಿಯನ ಹಾಗೆ ಆರಾಮಾಗಿ ಬಿದ್ದುಕೊಂಡಿತ್ತು. ಲೈಬ್ರರಿ ಅಕ್ಕ ದಿನಕ್ಕೆ ಮೂರು ಸಲ ಫೋನ್ ಮಾಡಿ ಬೈಯುತ್ತಿದ್ದರು.

ಮಧ್ಯಾಹ್ನದೊಳಗೆ ಸರಿಹೋಗದಿದ್ದರೆ ಈ ಡಬ್ಬವನ್ನೇ ಕಿತ್ತು ಹೊಸದನ್ನು ಕೂರಿಸಿ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ಹಾಗಾದರೆ ಹಳೆ ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಿ, ಮೂರು ಗಂಟೆಯ ಬಸ್ಸಿಗೆ ಅವನು ಹೊರಡುತ್ತಾನೆ. ಐದು ತಾಸು. ಅಷ್ಟರಲ್ಲಿ ಒಂದು ಪ್ರಶ್ನೆಯನ್ನು ಅವಳು ಕೇಳಬೇಕಿತ್ತು. ಏಳು ವರ್ಷದಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡ ಪ್ರಶ್ನೆ. ನೀನ್ಯಾಕೆ ಉತ್ತರ ಕೊಡಲಿಲ್ಲ?

ಕೇಳಲಿಲ್ಲ. ಕುರ್ಚಿ ಎಳೆದು ಕೊಟ್ಟಳು.

ಅವನು ದಾರಿಗಳ ಪಟ್ಟಿ ತೆರೆದ. ಎರಡೂ ದಾರಿ ಅಲ್ಲಿದ್ದವು. ಹಳೆಯದರ ಪಕ್ಕ ಬಾಣದ ಗುರುತಿತ್ತು, ಅಂದರೆ ಇದೇ ನನ್ನ ಆಯ್ಕೆ ಎಂದು. ಹೊಸದರ ಪಕ್ಕ, ಇದನ್ನೂ ಬಳಸುತ್ತಿದ್ದೇನೆ ಎಂದು ಹೇಳುವ ಸಮ ಚಿಹ್ನೆ ಇರಬೇಕಿತ್ತು. ಖಾಲಿ. ಅವನು ಎರಡು ದಾರಿಯ ಉದ್ದ ನೋಡಿದ, ಆಚೆ ತುದಿಯ ಯಂತ್ರ ಮಾತಾಡುತ್ತಿದೆಯೇ ನೋಡಿದ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

"ಎರಡೂ ಸಮ ಇದ್ರೆ ಇದು ಯಾವ್ದನ್ನ ಹಿಡ್ಕೊಳ್ಳತ್ತೆ ಹೇಳಿ?" ಎಂದಳು, ಪರೀಕ್ಷೆ ಮಾಡುವವಳ ಹಾಗೆ.

"ಮೊದ್ಲು ಪರಿಚಯ ಆಗಿದ್ದನ್ನ," ಎಂದ. ಹೇಳಿ, ಕನ್ನಡಕದ ಅಂಚಿನಿಂದ ಅರೆಕ್ಷಣ ಅವಳ ಕಡೆ ನೋಡಿ, ಮತ್ತೆ ಪರದೆಗೆ ಕಣ್ಣು ನೆಟ್ಟ. ಅವನ ಕಿವಿಯ ತುದಿ ಕೆಂಪಾಗಿತ್ತು. ಕಿವಿ ಕೆಂಪಾಗುವ ರೋಗ ಅವನಿಗೆ ಮೊದಲಿನಿಂದಲೂ ಇತ್ತು.

ಆಗಲೇ ಲೈಬ್ರರಿ ಅಕ್ಕ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಬಂದರು. ಬೈಯಲೆಂದೇ ಬಂದವರು, ಅವನ ಗುರುತು ಸಿಕ್ಕಿ ಬೈಗುಳ ಮರೆತರು. ಊರೆಲ್ಲಿ, ಸಂಬಳ ಸರಿಯಾಗಿ ಬರುತ್ತಾ, ಅಮ್ಮ ಹೇಗಿದ್ದಾರೆ ಎಂದೆಲ್ಲ ವಿಚಾರಿಸಿ, ಕೊನೆಗೆ ಮದುವೆಯ ವಿಷಯಕ್ಕೆ ಬಂದರು. ಇನ್ನೂ ಇಲ್ಲ ಅಕ್ಕ ಎಂದ. ಆ ಹೊತ್ತಿಗೆ ಅವಳು ತನ್ನದೇ ಪಾಸ್‌ವರ್ಡನ್ನು ಎರಡು ಸಲ ತಪ್ಪು ಒತ್ತಿದಳು.

ಅಕ್ಕ ಹೋದ ಮೇಲೆ ರೂಮಿನಲ್ಲಿ ಫ್ಯಾನುಗಳ ಸದ್ದು ಮಾತ್ರ. ಹಳೆಯ ದಿನಗಳೂ ಹೀಗೇ ಇದ್ದವು. ಆಗ ಈ ರೂಮೇ ಲ್ಯಾಬು, ಅದರ ಮೇಷ್ಟ್ರಿಗೆ ಪಿಸುಮಾತು ಕೇಳಿದರೂ ತಲೆನೋವು. ಅದಕ್ಕೆ ಇಬ್ಬರೂ ಒಂದು ಉಪಾಯ ಕಂಡುಕೊಂಡಿದ್ದರು. ಪ್ರತಿ ಕೇಬಲ್ಲಿಗೂ ಯಂತ್ರದೊಳಗೆ ಒಂದು ಸಾಲು ಟಿಪ್ಪಣಿ ಬರೆಯಲು ಜಾಗವಿರುತ್ತದೆ. ಉಳಿದವರು ಅಲ್ಲಿ 'ಲೈಬ್ರರಿ, ಎರಡನೇ ಮಹಡಿ' ಎಂದೇನೋ ಬರೆಯುತ್ತಾರೆ. ಇವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ಹಳೆ ಕೇಬಲ್ಲು ಅವಳದು, ಹೊಸದು ಅವನದು. ಗೂಬೆಗೆ ಹಸಿವಾ ಎಂದು ಇಲ್ಲಿ ಕೇಳಿದರೆ, ಜೀರುಂಡೆ ತಿನ್ನುವಷ್ಟು ಎಂದು ಅಲ್ಲಿ ಉತ್ತರ. ಒಂದು ಇಡೀ ವರ್ಷ ಕಾಲೇಜಿನ ಡೇಟಾದ ನೆತ್ತಿಯ ಮೇಲೆ ಇವರ ಹರಟೆ ನಡೆದಿತ್ತು.

ಕೊನೆಯ ಶನಿವಾರ ಅವಳು ಬರೆದಿದ್ದು: 'ಬರೀ ನೆನಪಿಟ್ಕೋತೀಯಾ, ಜೊತೇಲೇ ಇಟ್ಕೋತೀಯಾ?'

ಬರೆದು, ಸೇವ್ ಮಾಡಿ, ಅವನ ಮುಖ ನೋಡಲು ಧೈರ್ಯ ಸಾಲದೆ ಮನೆಗೆ ಓಡಿದ್ದಳು. ಭಾನುವಾರ ಎಂಟಕ್ಕೇ ಲ್ಯಾಬಿನ ಕೀಲಿ ಹಿಡಿದು ಬಂದಳು. ಅವಳ ಪ್ರಶ್ನೆ ಹಾಗೇ ಕೂತಿತ್ತು. ಅವನ ಸಾಲು ಖಾಲಿ. ಓದು ಮುಗಿಸಿ, ಅವತ್ತು ಹತ್ತು ಗಂಟೆಯ ಬಸ್ಸಿಗೆ ಅವನು ಊರು ಬಿಡುವವನಿದ್ದ. ಬೀಳ್ಕೊಡಲು ಇವಳು ಹೋಗಲಿಲ್ಲ. ಆ ವಾರವೆಲ್ಲ ಮನೆಯಲ್ಲಿ ಒಡಹುಟ್ಟಿದ ಅಕ್ಕನ ದುಪ್ಪಟ್ಟಾದಲ್ಲೇ ಮೂಗು ಒರೆಸಿಕೊಂಡಳು. ಆ ದುಪ್ಪಟ್ಟಾದ ಲೆಕ್ಕ ಅಕ್ಕ ಇವತ್ತಿಗೂ ತೆಗೆಯುತ್ತಾಳೆ.

"ಎರಡು ದಾರಿ ಬಳಸು ಅನ್ನೋ ಸೆಟ್ಟಿಂಗೇ ಇಲ್ವಲ್ಲ ಇಲ್ಲಿ," ಎಂದ ಅವನು ಈಗ, ಹುಬ್ಬು ಗಂಟಿಕ್ಕಿ. "ಯಾರು ತೆಗೆದಿದ್ದು?"

ತಾನು ಕೆಲಸಕ್ಕೆ ಸೇರಿ ಎರಡೇ ವರ್ಷ, ತಾನಂತೂ ಮುಟ್ಟಿಲ್ಲ ಎಂದಳು. ಮೊದಲು ಹಾಕಿದ್ದರಲ್ಲವೇ ತೆಗೆಯುವುದು ಎಂದೂ ಸೇರಿಸಿದಳು. ಅವನಿಗೆ ರೇಗಿತು. ಕೊನೆಯ ಶನಿವಾರ ಸಂಜೆ ನಾನೇ ಕೈಯಾರೆ ಹಾಕಿದ್ದೆ, ಸಮ ಚಿಹ್ನೆ ಬಂದಿದ್ದನ್ನು ಕಣ್ಣಾರೆ ನೋಡಿದ್ದೆ, ರಿಪೋರ್ಟಿನಲ್ಲೂ ಬರೆದಿದ್ದೆ ಎಂದ.

"ಹಾಗಾದ್ರೆ ನೋಡೇ ಬಿಡೋಣ," ಎಂದಳು.

ಯಂತ್ರ ದಿನಾ ಸಂಜೆ ಏಳಕ್ಕೆ ಸೇವ್ ಮಾಡಿರಲಿ ಬಿಡಲಿ, ಆ ಹೊತ್ತಿನ ಸೆಟ್ಟಿಂಗು ಟಿಪ್ಪಣಿಗಳದೆಲ್ಲ ಒಂದು ನಕಲು ತೆಗೆದಿಡುತ್ತಿತ್ತು. ಅದನ್ನು ಕಲಿಸಿದವಳು ಇವಳೇ. ಇಬ್ಬರೂ ಈ ವರ್ಷದ ನಕಲಿನಿಂದ ಹಿಂದಕ್ಕೆ ಹೊರಟರು. ಹೋದ ವರ್ಷ ಇಲ್ಲ. ಅದರ ಹಿಂದಿನ ವರ್ಷವೂ ಇಲ್ಲ. ಒಂದೊಂದು ಕಡತ ತೆರೆದಾಗಲೂ ಅವನ ಭುಜ ಒಂದಂಗುಲ ಇಳಿಯುತ್ತಿತ್ತು, ಅವಳ ಕುರ್ಚಿ ಒಂದಂಗುಲ ಹತ್ತಿರ ಸರಿಯುತ್ತಿತ್ತು. ಕೊನೆಗೆ ಉಳಿದಿದ್ದು ಏಳು ವರ್ಷದ ಹಿಂದಿನ ಆ ಶನಿವಾರ, ಭಾನುವಾರದ ಎರಡು. ಭಾನುವಾರದ್ದನ್ನು ತೆರೆದಳು. ಇಲ್ಲ. ಶನಿವಾರದ್ದು.

ಇತ್ತು. ಎರಡು ದಾರಿ ಬಳಸು ಎಂಬ ಸೆಟ್ಟಿಂಗು ನೆಟ್ಟಗೆ ಕೂತಿತ್ತು. ಅದರ ಕೆಳಗೆ ಹೊಸ ಕೇಬಲ್ಲಿನ ಟಿಪ್ಪಣಿ:

'ಜೊತೇಲೇ. ನಾಳೆ ಹತ್ತು ಗಂಟೆ, ಬಸ್ ಸ್ಟ್ಯಾಂಡು. ಅಮ್ಮನೂ ಇರ್ತಾಳೆ, ಬಾ.'

ಅವಳು ಅದನ್ನು ಮೂರು ಸಲ ಓದಿದಳು. ನಾಲ್ಕನೇ ಸಲಕ್ಕೆ ಅಕ್ಷರಗಳು ಕಲಸಿಹೋದವು.

ಆ ಶನಿವಾರ ರಾತ್ರಿ ಕಟ್ಟಡದ ವೈರಿಂಗ್ ಕೆಲಸಕ್ಕೆಂದು ಕರೆಂಟು ತೆಗೆದಿದ್ದರು. ಯಂತ್ರ ಆರಿ ಮತ್ತೆ ಎದ್ದಾಗ, ಸೇವ್ ಮಾಡಿದ್ದಷ್ಟೇ ಅದಕ್ಕೆ ನೆನಪಿತ್ತು.

"ಸೇವ್ ಮಾಡಿರ್ಲಿಲ್ಲ ನಾನು," ಎಂದ ಅವನು ನಿಧಾನವಾಗಿ. "ಖುಷಿಗೆ ಅದೂ ಮರ್ತೋಯ್ತು. ಬರೆದು ಹಾಗೇ ಎದ್ದು ಹೋದೆ. ಮಾರನೇ ದಿನ ಹತ್ತರ ಬಸ್ಸು ಬಿಟ್ಟೆ, ಹನ್ನೊಂದರದ್ದೂ ಬಿಟ್ಟೆ. ಯಾರಿಗೋ ಕಾಯ್ತಿದೀಯೋ ಅಂತ ಅಮ್ಮ ಕೇಳಿದ್ಲು. ಯಾರಿಗೂ ಇಲ್ಲ ಅಂದೆ. ನಿನ್ ಮನಸ್ಸು ಬದಲಾಯ್ತು ಅಂದ್ಕೊಂಡೆ ಕಣೇ."

"ಒಂದ್ ಫೋನ್ ಮಾಡ್ಬಾರ್ದಿತ್ತಾ ಗೂಬೆ?"

"ನೀನ್ ಮಾಡ್ಬಹುದಿತ್ತಲ್ಲ."

ಇಪ್ಪತ್ತೊಂದರ ಹರೆಯದ ಬಿಗುಮಾನ ಅದು. ಈಗ ನೆನೆದರೆ ಇಬ್ಬರ ತಲೆಗೂ ಮೊಟಕಬೇಕು ಅನಿಸುವಂಥದ್ದು.

ಅವಳು ಕೀಬೋರ್ಡನ್ನು ಅವನ ಕಡೆ ತಳ್ಳಿದಳು. ಅವನು ಎರಡು ದಾರಿಯ ಸೆಟ್ಟಿಂಗು ಹಾಕಿದ. ಹೊಸ ಕೇಬಲ್ಲಿನ ಪಕ್ಕ ಸಮ ಚಿಹ್ನೆ ಪುಟ್ಟದಾಗಿ ಮೂಡಿತು. ಆಮೇಲೆ ಟಿಪ್ಪಣಿಯ ಜಾಗಕ್ಕೆ ಹೋಗಿ ಅದೇ ಸಾಲನ್ನು ಬರೆದ. ಒಂದಕ್ಷರವೂ ಬದಲಾಯಿಸಲಿಲ್ಲ, ಇವತ್ತೂ ಶನಿವಾರವೇ ಆಗಿತ್ತಲ್ಲ. ಮೂರರ ಬಸ್ಸು ಹೋದರೆ ಹೋಗಲಿ, ಅಮ್ಮನಿಗೆ ಫೋನ್ ಮಾಡಿದರೆ ನಾಳೆ ಹತ್ತಕ್ಕೆ ಇಲ್ಲಿರುತ್ತಾಳೆ, ಅವತ್ತು ಬರಬೇಕಾದವಳು ಯಾರೆಂದು ಇನ್ನೂ ಕೇಳುತ್ತಲೇ ಇದ್ದಾಳೆ ಎಂದ.

"ಸೇವ್ ಮಾಡು," ಎಂದಳು.

ಮಾಡಿದ. ಆಯಿತು ಎಂದು ಯಂತ್ರವೂ ಹೇಳಿತು.

"ನಿನ್ನ ನಂಬಲ್ಲ ನಾನು," ಎಂದವಳೇ ಬಗ್ಗಿ ಪವರ್ ಕೇಬಲ್ಲನ್ನೇ ಕಿತ್ತಳು. ಅವನು ಬಾಯಿ ತೆರೆದುಕೊಂಡು ನಿಂತ. ಐದರವರೆಗೆ ಎಣಿಸಿ ಮತ್ತೆ ಚುಚ್ಚಿದಳು.

ಯಂತ್ರ ಏಳಲು ಮೂರು ನಿಮಿಷ ಬೇಕು. ಇಡೀ ಕಾಲೇಜಿನ ನೆಟ್ಟು ಮಲಗಿತ್ತು. ಮೇಜಿನ ಫೋನು ಬಡಿದುಕೊಳ್ಳತೊಡಗಿತು, ಲೈಬ್ರರಿ ಅಕ್ಕನೇ. ಇಷ್ಟು ವರ್ಷ ಕಾದಿದ್ದೀವಿ, ಇನ್ನು ಮೂರು ನಿಮಿಷ ತಡ್ಕೊಳ್ಳಿ ಅಕ್ಕ ಎಂದು ಹೇಳಿ ಇಟ್ಟಳು. ಆ ಮೂರು ನಿಮಿಷ ಇಬ್ಬರೂ ಕಪ್ಪು ಪರದೆಯ ಮುಂದೆ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳ ಹಾಗೆ, ಭುಜಕ್ಕೆ ಭುಜ ತಾಗಿಸಿ ನಿಂತರು. ಯಾರ ಕೈ ಮೊದಲು ಯಾರ ಕೈ ಹಿಡಿಯಿತೋ ಗೊತ್ತಾಗಲಿಲ್ಲ.

ಪರದೆ ಬೆಳಗಿತು. ಎರಡು ದಾರಿಯೂ ಎದ್ದವು, ಒಂದರ ಪಕ್ಕ ಬಾಣ, ಇನ್ನೊಂದರ ಪಕ್ಕ ಸಮ. ಅವಳು ಟಿಪ್ಪಣಿ ತೆರೆದಳು.

ಸಾಲು ಅಲ್ಲೇ ಇತ್ತು.

"ಹತ್ತು ಗಂಟೆಗಾ?" ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ನಾನು ಒಂಬತ್ತೂವರೆಗೇ ಬಂದಿರ್ತೀನಿ."