ಸದ್ದಿಲ್ಲದ ಎಂಜಿನ್

ಹಂದಿಮಾಂಸದ ಕಡುಬಿನಿಂದ ಸೋರಿದ ಕೊಬ್ಬು ಎಂಜಿನ್ನಿನ ನಕ್ಷೆಯ ಮೇಲೆ ಬಿದ್ದು ನಿಧಾನಕ್ಕೆ ಹರಡುತ್ತಿತ್ತು. ಹೊರೇಸ್ ಟ್ರಾಂಟರ್ ಅದನ್ನೇ ನೋಡುತ್ತ ನಿಂತಿದ್ದ. ಕಾರು ಕಂಪನಿಯ ಯಜಮಾನ ಸರ್ ಅಂಬ್ರೋಸ್ ಪೆಲ್ ಆ ಕೊಬ್ಬನ್ನು ಹೆಬ್ಬೆರಳಿನಿಂದ ಒರೆಸಿ, ಬೆರಳನ್ನು ಚೀಪಿ, ಅದೇ ಎಂಜಲು ಬೆರಳನ್ನು ಎಂಜಿನ್ನಿನ ಚಿತ್ರದ ಮೇಲೆ ಊರಿ, ಎದುರು ಕೂತಿದ್ದ ಪತ್ರಿಕೆಯವರಿಗೆ ಹೇಳಿದ: “ಇದು ನನಗೆ ಸ್ನಾನದ ತೊಟ್ಟಿಯಲ್ಲಿ ಬಿದ್ದುಕೊಂಡಿದ್ದಾಗ ಹೊಳೆದದ್ದು ಕಣ್ರೀ. ಇವನು ಟ್ರಾಂಟರ್. ಗೆರೆ ನೆಟ್ಟಗೆ ಎಳೀತಾನೆ, ಪಾಪ.”

ಎಲ್ಲರೂ ನಕ್ಕರು. ಟ್ರಾಂಟರನೂ ನಕ್ಕ.

ಆ ಎಂಜಿನ್ನಿಗಾಗಿ ಅವನು ಹೆಂಡತಿಯ ಕೊನೆಯ ಬೇನೆಯಲ್ಲೂ ಪಕ್ಕದಲ್ಲಿ ಕೂತಿರಲಿಲ್ಲ. ಅದಕ್ಕೆ ಸದ್ದೇ ಇರಬಾರದೆಂದು ಹಟ ಹಿಡಿದು ವರ್ಷಗಟ್ಟಲೆ ತೂಗಿದ್ದ, ಅರೆದಿದ್ದ, ಬಿಚ್ಚಿದ್ದ, ಕೂಡಿಸಿದ್ದ. ಈಗ ಅದು ಓಡುತ್ತಿದೆಯೋ ಇಲ್ಲವೋ ತಿಳಿಯಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಬೇಕು. ಲಂಡನ್ನಿನ ಕಾರು ಮೇಳದಲ್ಲಿ ಅದಕ್ಕೆ ‘ಪೆಲ್ ಎಂಜಿನ್’ ಎಂದು ಹೆಸರಿಡುವುದು ನಿಶ್ಚಯವಾಗಿತ್ತು.

ಕೊಲ್ಲುವುದೆಂದು ತೀರ್ಮಾನಿಸಿದ ಮೇಲೆ ಟ್ರಾಂಟರನ ಮನಸ್ಸು ತಿಳಿಯಾಯಿತು. ವಿಷ ಬೇಡ, ಚಾಕು ಬೇಡ. ರಕ್ತವೆಂದರೆ ಕಲೆ, ಕಲೆಯೆಂದರೆ ಅವನಿಗೆ ಹೇಸಿಗೆ. ಒಳ್ಳೆಯ ಯಂತ್ರದಲ್ಲಿ ಬಿಡಿಭಾಗ ಎಷ್ಟು ಕಡಿಮೆಯೋ ಅಷ್ಟು ಲೇಸು. ಇಲ್ಲಿ ಬೇಕಾದದ್ದು ಎರಡೇ: ಮುಚ್ಚಿದ ಬಾಗಿಲು, ಓಡುವ ಎಂಜಿನ್.

ಮೇಳಕ್ಕೆ ಹೋಗಬೇಕಾದ ಕಾರು ಕಾರ್ಖಾನೆಯ ಅಂಗಳದ ತುದಿಯ ಇಟ್ಟಿಗೆ ಕೊಠಡಿಯಲ್ಲಿತ್ತು. ಹೊಸ ಬಣ್ಣಕ್ಕೆ ಧೂಳು ತಾಗದಿರಲೆಂದು ಬಾಗಿಲ ಸಂದಿಗೆಲ್ಲ ಕಂಬಳಿಪಟ್ಟಿ ಬಡಿದಿದ್ದರು. ಊಟವಾದ ಮೇಲೆ ಬ್ರಾಂದಿ ಇಳಿಸಿ, ಅಲ್ಲಿಗೆ ಬಂದು, ಚಾಲಕನ ಸೀಟಿನಲ್ಲಿ ಕೂತು ಗೊರಕೆ ಹೊಡೆಯುವುದು ಸರ್ ಅಂಬ್ರೋಸನ ಚಾಳಿ. ಅದು ಕವೆಂಟ್ರಿ ಊರಿನ ಚಳಿಗಾಲ. ಬೆಚ್ಚಗಾಗಲೆಂದು ಎಂಜಿನ್ ಹಾಕಿಕೊಂಡು ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲೇ ಹೊಗೆ ಕುಡಿದು ತಣ್ಣಗಾದವರ ಸುದ್ದಿ ಪ್ರತಿವರ್ಷ ಪತ್ರಿಕೆಯಲ್ಲಿ ಬರುತ್ತಿತ್ತು. ಇನ್ನೊಂದು ಬಂದರೆ ಯಾರು ಹುಬ್ಬೇರಿಸುತ್ತಾರೆ?

ಟ್ರಾಂಟರ್ ಮೊದಲೇ ನೆಲ ಹದಮಾಡಿದ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಮೇಸ್ತ್ರಿ ಬಿಂಗ್ಲಿಯ ಕಿವಿಗೆ ಹಾಕಿದ: “ಯಜಮಾನ್ರು ಬಾಗಿಲು ಮುಚ್ಕೊಂಡು ಎಂಜಿನ್ ಹಾಕ್ತಾರಯ್ಯಾ. ಹೇಳಿ ಹೇಳಿ ನನ್ನ ಬಾಯಿ ಬತ್ತಿಹೋಯ್ತು.”

“ಹೊಗೆ ಪಾಪ ಅವರ ಬಾಯಿ ವಾಸನೆಗೇ ಸಾಯುತ್ತೆ ಬಿಡಿ,” ಎಂದ ಬಿಂಗ್ಲಿ.

ಶುಕ್ರವಾರ ಮಂಜು ಅಂಗಳವನ್ನೇ ನುಂಗಿತ್ತು. ಸರ್ ಅಂಬ್ರೋಸ್ ತಾನಾಗಿಯೇ ಟ್ರಾಂಟರನ ಹೆಗಲ ಮೇಲೆ ಕೈಹಾಕಿದ. “ಬಾರಯ್ಯಾ ಟ್ರಾಂಟರ್, ನನ್ನ ಕೂಸನ್ನ ನೋಡ್ಕೊಂಡು ಬರೋಣ.” ಈರುಳ್ಳಿ, ಬ್ರಾಂದಿ, ಹುಳುಕು ಹಲ್ಲಿನ ನಾತ. ಟ್ರಾಂಟರ್ ಉಸಿರು ಬಿಗಿಹಿಡಿದು ಜೊತೆಗೆ ನಡೆದ.

ಸೀಟಿಗೆ ಕುಸಿದ ಯಜಮಾನ ಸ್ಟಿಯರಿಂಗನ್ನು ತಬ್ಬಿಕೊಂಡು ಏನೋ ಗೊಣಗಿದ. ತೇಗಿದ. ನಿದ್ದೆಹೋದ. ತುಟಿಯ ಮೂಲೆಯಿಂದ ಜೊಲ್ಲು ಇಳಿದು ಹೊಸ ಚರ್ಮದ ಸೀಟಿನ ಮೇಲೆ ಬಿತ್ತು. ಟ್ರಾಂಟರ್ ಆ ಹೊಟ್ಟೆಯ ಮೇಲೆ ಬಾಗಿ, ಗವಸು ತೊಟ್ಟ ಕೈಚಾಚಿ ಕೀಲಿ ತಿರುಗಿಸಿದ. ತಣ್ಣನೆಯ ಎಂಜಿನ್ನಿಗೆ ಬೇಕಾದಷ್ಟು ಚೋಕ್ ಎಳೆದು ಚಾಲೂ ಮಾಡುವ ಗುಂಡಿ ಒತ್ತಿದ. ಯಜಮಾನನ ರೆಪ್ಪೆ ಅಲುಗಲಿಲ್ಲ. ಬೇರೆ ಯಾವ ಎಂಜಿನ್ ಆಗಿದ್ದರೂ ಮನುಷ್ಯ ಎಚ್ಚರಗೊಳ್ಳುತ್ತಿದ್ದ. ಟ್ರಾಂಟರ್ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಹೌದು, ಓಡುತ್ತಿತ್ತು. ಹೆತ್ತವನಿಗಾಗುವಂಥ ಹೆಮ್ಮೆ ಎದೆಯಲ್ಲಿ ಉಕ್ಕಿತು. ಹೊರಬಂದು ಬಾಗಿಲೆಳೆದ. ಮಂಜಿನಲ್ಲಿ ಅವನನ್ನು ಕಂಡವರಿಲ್ಲ.

ನಕ್ಷೆಯ ಕೋಣೆಯಲ್ಲಿ ಕೂತು ಅವನು ಕೆಲಸ ಮಾಡಿದ. ಗೆರೆಗಳೆಲ್ಲ ನೆಟ್ಟಗೆ ಬಂದವು.

ಗೇಟಿನ ಬಳಿ ಕಾದು ಬೇಸತ್ತ ಡಾಗೆಟ್, ಯಜಮಾನನ ಡ್ರೈವರು, ಹುಡುಕಿಕೊಂಡು ಬಂದು ಬಾಗಿಲು ತೆರೆದವನೇ ಕೂಗಿಕೊಂಡ. ಟ್ರಾಂಟರ್ ಎಲ್ಲರ ಜೊತೆ ಓಡಿದ. ಸತ್ತ ಮುಖ ಚೆರ್ರಿ ಹಣ್ಣಿನಂತೆ ಕೆಂಪಾಗಿತ್ತು. ಕುಡಿದ ಬ್ರಾಂದಿಯೆಲ್ಲ ಕೋಟಿನ ಮೇಲೆ ಬಂದಿತ್ತು. ಟ್ರಾಂಟರ್ ಗೋಡೆ ಹಿಡಿದು ಕಾರಿಕೊಂಡ. ಅದು ನಟನೆಯಲ್ಲ. ಸತ್ತ ಮೇಲೂ ಈ ಮನುಷ್ಯ ಇಷ್ಟು ಗಲೀಜೇ ಎಂದು ಅಸಹ್ಯಪಟ್ಟ. “ಅಯ್ಯೋ, ಯಜಮಾನ್ರನ್ನ ಎಷ್ಟು ಹಚ್ಕೊಂಡಿದ್ರು,” ಎಂದು ಬಿಂಗ್ಲಿ ಅವನ ಬೆನ್ನು ನೀವಿದ.

ಇನ್‌ಸ್ಪೆಕ್ಟರ್ ಕೀತ್ಲಿ ಮಂದಗತಿಯ ಮನುಷ್ಯ. ಬಿಂಗ್ಲಿಯ ಮಾತು ಕೇಳಿದ, ಆಮೇಲೆ ಟ್ರಾಂಟರನತ್ತ ತಿರುಗಿದ. “ನೀವು ಕಣ್ಣಾರೆ ನೋಡಿದ್ರಾ? ಅವರೇ ಎಂಜಿನ್ ಚಾಲೂ ಮಾಡ್ಕೊಳ್ಳೋದನ್ನ?”

“ಎಷ್ಟೋ ಸಲ, ಸರ್. ಚೋಕ್ ಎಳೆದು, ಗುಂಡಿ ಒತ್ತಿ, ಕಾಲು ಚಾಚಿ ಮಲಗಿಬಿಡೋರು. ಮೊನ್ನೆ ಕೂಡ ನಾನು ಪಕ್ಕದಲ್ಲೇ ಇದ್ದೆ.”

ಪೂರ್ತಿ ಖಚಿತವಾದ, ಎರಡನೆಯ ಅರ್ಥಕ್ಕೆ ಎಡೆಯಿಲ್ಲದ ಮಾತು. ಆಡಿ ಮುಗಿಸಿದಾಗ ಟ್ರಾಂಟರನಿಗೆ ತೃಪ್ತಿಯಾಯಿತು.

ಅಷ್ಟರಲ್ಲಿ ಲೇಡಿ ಪೆಲ್ ಬಂದರು. ಅತ್ತಿರಲಿಲ್ಲ. ಗಂಡನ ಕೋಟನ್ನು ಕರವಸ್ತ್ರದಿಂದ ಒರೆಸಿ, ಅವರು ಟ್ರಾಂಟರನನ್ನು ದಿಟ್ಟಿಸಿದರು. “ಇವರು ಈಗ ಹೇಳಿದ್ದು ನನಗೂ ಕೇಳಿಸ್ತು, ಇನ್‌ಸ್ಪೆಕ್ಟರೇ. ಡಾಗೆಟ್, ಇನ್ನು ಯಾರ ಮಾನ ಕಾಯಬೇಕು, ಹೇಳಿಬಿಡಪ್ಪಾ.” ಡಾಗೆಟ್ ಟೋಪಿ ತೆಗೆದು ಎದೆಗೊತ್ತಿಕೊಂಡ. ನಾಚುತ್ತಲೇ ಹೇಳಿದ: “ಯಜಮಾನ್ರಿಗೆ ಕಾರು ಬಿಡೋಕೇ ಬರ್ತಿರ್ಲಿಲ್ಲ, ಸರ್. ಚಾಲೂ ಮಾಡೋಕೂ ಬರ್ತಿರ್ಲಿಲ್ಲ, ಯಾವ ಗುಂಡಿ ಯಾತಕ್ಕೆ ಅಂತಾನೂ ಗೊತ್ತಿರ್ಲಿಲ್ಲ. ಕಲಿಸ್ತೀನಿ ಅಂದ್ರೆ ಹೆದರಿ ಬೆವರೋರು. ಕಾರು ಕಂಪನಿ ಧಣಿ, ಜನ ನಗ್ತಾರೆ ಅಂತ ಅಮ್ಮಾವ್ರ ಹತ್ರ, ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ರು.”