ಒತ್ರಿ, ಹಿಡೀರಿ, ಬಿಡ್ರಿ

"ಗೇಟ್ ಹಾಕವಾ, ಮಂದಿ ನೋಡ್ತಾರ," ಎಂದ ಕಲ್ಲಪ್ಪ.

ಬನಶಂಕರಿ ಗೇಟನ್ನು ಇನ್ನಷ್ಟು ತೆರೆದು, ಮುಚ್ಚದಂತೆ ಅಡ್ಡ ಕಲ್ಲಿಟ್ಟಳು. "ನೋಡ್ಲಿ ಭಾವಾ. ಕದ್ದು ಮಾಡೂ ಕೆಲಸ ಅಲ್ಲ ಇದು."

ನೋಡುವುದಕ್ಕೆ ಇದ್ದುದಾದರೂ ಏನು? ಕುಳಗೇರಿ ಕ್ರಾಸ್‌ನ ಒಂದು ಅಂಗಳ, ಬಾನೆಟ್ ತೆರೆದ ಬಿಳಿ ಟ್ಯಾಕ್ಸಿ, ಅದರ ಮೇಲೆ ಬಾಗಿ ನಿಂತ ಇಳಕಲ್‌ನ ಗೌತಮ. ಸ್ಪೇರ್ ಪಾರ್ಟ್ಸ್ ಅಂಗಡಿಯವನು. ಆದರೆ ಅಂಗಳ ವಿಧವೆಯದು. ಊರಿಗೆ ಅಷ್ಟು ಸಾಕಲ್ಲವೇ!

ಗಂಡ ತೀರಿಕೊಂಡ ನಾಲ್ಕು ವರ್ಷದಿಂದ ಬನಶಂಕರಿ ಇದೇ ಗಾಡಿಯಲ್ಲಿ ಪ್ರವಾಸಿಗರನ್ನು ಬಾದಾಮಿ ಸುತ್ತಿಸಿ ತನ್ನ ಅನ್ನ ತಾನು ಉಂಡವಳು. ಕಳೆದ ವಾರ ಎಬಿಎಸ್ ದೀಪ ಹತ್ತಿದ್ದು ಆರಲೇ ಇಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಂಡು ಗಾಡಿ ಜಾರದಂತೆ ಕಾಯುವ ಯುನಿಟ್ಟೇ ಕೆಟ್ಟಿತ್ತು. ನಾಳೆ ಗಾಡಿಯ ಫಿಟ್‌ನೆಸ್ ಪರೀಕ್ಷೆ. ಪಾಸಾಗದಿದ್ದರೆ ಟ್ಯಾಕ್ಸಿ ಓಡಿಸುವಂತಿಲ್ಲ. ಗಂಡನ ಅಣ್ಣ ಕಲ್ಲಪ್ಪ ಆಗಲೇ ಗಿರಾಕಿಯನ್ನು ಹುಡುಕಿಟ್ಟಿದ್ದ. "ಮಾರಿಬಿಡು, ಮನ್ಯಾಗ ಕೂಡು, ನಿನ್ನ ನಾವು ನೋಡ್ಕೋತೇವಿ." ಆ ನೋಡಿಕೊಳ್ಳುವ ಮಾತು ಕೇಳಿದರೇ ಅವಳಿಗೆ ಮೈ ಉರಿಯುತ್ತಿತ್ತು.

ಗ್ಯಾರೇಜಿನವರು ವಾರ ಬೇಕೆಂದರು. ಗೌತಮ ಮಾತ್ರ ಫೋನಿನಲ್ಲಿ, "ಇದೇ ಮಾಡೆಲ್ ಯುನಿಟ್ ಐತ್ರಿ, ಮನಿಗೇ ತರ್ತೇನಿ. ಬಿಚ್ಚೂದು ನೀವ, ನಾ ಜೋಡಿ ಇರ್ತೇನಿ," ಎಂದಿದ್ದ.

ಬ್ಯಾಟರಿ ವೈರ್ ಕಳಚಿದ ಮೇಲೆ ಅವನು ಜೇಬಿನಿಂದ ರೇಷ್ಮೆ ಎಳೆಗಳನ್ನು ತೆಗೆದ. ಅವನ ತಾಯಿಯ ಮಗ್ಗದವು. ಯುನಿಟ್ಟಿಗೆ ಸೇರುವ ಆರು ಪೈಪಿಗೆ ಆರು ಬಣ್ಣ ಕಟ್ಟತೊಡಗಿದ.

"ಇದೇನ್ರಿ, ನನ್ನ ಗಾಡಿಗೆ ಸೀರಿ ಉಡಸ್ತೀರೇನು?"

"ಪೈಪ್ ಅದಲಬದಲ ಆಗಬಾರದಲ್ರಿ."

"ಮತ್ತ ಕೆಂಪು ದಾರ ಎರಡು ಸುತ್ತು ಯಾಕ?"

"ಅದು ನೀವು ಕೂಡೂ ಬದೀ ಗಾಲೀದ್ರಿ. ಗಟ್ಟಿ ಇರ್ಲಿ ಅಂತ..."

ಕೆಂಪು ದಾರದ ಬಣ್ಣ ಅವನ ಕಿವಿಗೂ ಏರಿತ್ತು. ಬನಶಂಕರಿ ನಟ್ಟು ಬಿಚ್ಚುವ ಪಾನಾ ಹುಡುಕುವ ನೆಪದಲ್ಲಿ ಮುಖ ತಿರುಗಿಸಿ ನಕ್ಕಳು.

ಹಳೆಯ ಯುನಿಟ್ ಹೊರಬಂತು, ಹೊಸದು ಕೂತಿತು. ಇನ್ನು ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಇನ್ನೊಬ್ಬರು ಗಾಲಿಯ ಬಳಿಯ ಸಣ್ಣ ನಟ್ಟು ಸಡಿಲಿಸಿ, ಗಾಳಿ ಹೋದ ಮೇಲೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಸೇರಿ ಎಲ್ಲ ಹಾಳು.

"ಕೆಳಗ ನಾ ಕೂಡ್ತೇನ್ರಿ," ಎಂದ ಗೌತಮ.

"ಗಾಡಿ ನಂದು. ಕೆಳಗ ನಾ ಕೂಡ್ತೇನಿ. ನೀವು ಬ್ರೇಕ್ ಒತ್ರಿ. ನಾ ಹೇಳೂ ತನಕ ಬಿಡಬ್ಯಾಡ್ರಿ." ಅವನು ಸೀಟಿಗೇರಿದ, ಅವಳು ಗಾಲಿಯ ಬಳಿ ಕೂತಳು.

"ಒತ್ರಿ!"

"ಒತ್ತೇನ್ರಿ."

"ಹಿಡೀರಿ!"

"ಹಿಡದೇನ್ರಿ."

"ಬಿಡ್ರಿ!"

ಒಂದು ಗಾಲಿ ಆಯಿತು, ಎರಡಾಯಿತು, ಮೂರಾಯಿತು. ಗೇಟಿನ ಹೊರಗೆ ಜನ ಸೇರಿದರು. ಯಾರೋ ಕಿಸಕ್ಕನೆ ನಕ್ಕರು. ಕಲ್ಲಪ್ಪನ ಸಿಟ್ಟು ನೆತ್ತಿಗೇರಿತು.

"ಸಾಕು ನಿಲ್ಲಸ್ರಿ! ಮನಿ ಮರ್ಯಾದಿ ಹೋತು. ಏ ಗೌತಮಾ, ಇಳಿ ಕೆಳಗ!"

ನಾಲ್ಕನೆಯ ಗಾಲಿಯ ನಟ್ಟು ಇನ್ನೂ ಸಡಿಲವಾಗಿಯೇ ಇತ್ತು.

"ಅವರು ಹೇಳೂ ತನಕ ಬಿಡಂಗಿಲ್ರಿ," ಎಂದ ಗೌತಮ. ದನಿ ನಡುಗುತ್ತಿತ್ತು, ಕಾಲು ಕದಲಲಿಲ್ಲ.

ನಾಲ್ಕು ವರ್ಷದಲ್ಲಿ ಅವಳಿಗೆ ಹೇಳುವವರೇ ಎಲ್ಲ, ಅವಳು ಹೇಳಲಿ ಎಂದು ಕಾದವರು ಒಬ್ಬರೂ ಇರಲಿಲ್ಲ. ಈ ಮನುಷ್ಯ ನನಗೆ ಬೇಕು ಎಂದು ಆ ಕ್ಷಣವೇ ಅವಳಿಗೆ ಖಚಿತವಾಯಿತು. ಅವಸರ ಮಾಡದೆ ನಟ್ಟು ಬಿಗಿದಳು.

"ಈಗ ಬಿಡ್ರಿ."

ಬ್ಯಾಟರಿ ಜೋಡಿಸಿ, ದೋಷ ಓದುವ ಸ್ಕ್ಯಾನರ್ ಹಚ್ಚಿ, ಕೀ ತಿರುಗಿಸಿದರು. ಎಬಿಎಸ್ ದೀಪ ಒಮ್ಮೆ ಹತ್ತಿ ಆರಿತು. ಇನ್ನು ರಸ್ತೆಯ ಮೇಲೆ ಬ್ರೇಕ್ ನೋಡುವುದಷ್ಟೇ ಉಳಿದಿತ್ತು. ಬನಶಂಕರಿ ಸ್ಟೇರಿಂಗ್ ಹಿಡಿದಳು. ಗೌತಮ ಗೇಟಿನ ಜನರನ್ನೊಮ್ಮೆ ನೋಡಿ, ಹಿಂದಿನ ಬಾಗಿಲಿಗೆ ಕೈ ಹಾಕಿದ. ಅವಳು ಬಗ್ಗಿ ಮುಂದಿನ ಬಾಗಿಲು ತೆರೆದಳು.

"ಹಿಂದ ಕೂಡಸು ಅವನ್ನ!" ಕಲ್ಲಪ್ಪ ಗುಡುಗಿದ.

"ಹಿಂದ ಕೂಡೋರು ಬಾಡಿಗಿ ಮಂದಿ, ಭಾವಾ. ಇವರ್ನ ನಾ ಮದಿವಿ ಆಗೂದೈತಿ."

ಗೇಟಿನಲ್ಲಿ ನಗು ನಿಂತೇಹೋಯಿತು. ಬನಶಂಕರಿ ಗೌತಮನ ಕಡೆ ತಿರುಗಿದಳು. ಕಣ್ಣು ತಗ್ಗಿಸಲಿಲ್ಲ.

"ನಿಮ್ಮನ್ನ ಕೇಳದ ಅಂದೆ. ಒಲ್ಲೆ ಅನ್ನೂದಿದ್ರ ಹಿಂದ ಕೂಡ್ರಿ."

ಗೌತಮ ಮುಂದೆ ಕೂತ. ಬಾಗಿಲು ಹಾಕಿಕೊಂಡ.

"ಹಾರ್ನ್ ಹೊಡೀರಿ," ಎಂದ, "ಮಂದಿ ದಾರಿ ಬಿಡ್ಲಿ."